ಸಿಪ್ಯಾಪ್ ಕೊಳ್ಳುವವರಿಗೆ: ಮೆಷಿನ್‌ಗಿಂತ ಮೊದಲು ಮಾಸ್ಕ್ ನೋಡಿ

ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆಗೆ (ಸ್ಲೀಪ್ ಆಪ್ನಿಯಾ) ರಾತ್ರಿ ಮಾಸ್ಕ್ ಮೂಲಕ ಗಾಳಿ ಊದುವ ಮೆಷಿನ್ನೇ ಸಿಪ್ಯಾಪ್. ನಾನು ಕೊಂಡ ಮೆಷಿನ್ ಚೆನ್ನಾಗಿದೆ. ಅದರ ಜೊತೆ ಮೊದಲು ಕೊಟ್ಟ ಮಾಸ್ಕ್ ನನಗೆ ಆಗಿಬರಲಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು. ಯಾಕೆಂದರೆ "ಸಿಪ್ಯಾಪ್ ಎಲ್ಲಾ ನಮಗಾಗೋದಿಲ್ಲ" ಅಂತ ಅರ್ಧ ಲಕ್ಷದ ಮೆಷಿನನ್ನು ಅಟ್ಟಕ್ಕೆ ಹಾಕಿದವರನ್ನು ನಾನು ಮಾತಾಡಿಸಿದ್ದೇನೆ. ಸ್ವಲ್ಪ ಕೆದಕಿ ಕೇಳಿದರೆ ಅವರಿಗೆ ಆಗದೇ ಇದ್ದದ್ದು ಮೆಷಿನ್ ಅಲ್ಲ, ಮುಖಕ್ಕೆ ಹಾಕುವ ಆ ರಬ್ಬರಿನಂಥ ತುಂಡು. ಅದೊಂದನ್ನು ಬದಲಿಸಿದ್ದರೆ ಅವರೂ ಈ ಹೊತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು ಅನ್ನಿಸುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವುದೆಲ್ಲ ಯಾವ ಕಂಪನಿಯ ಮೆಷಿನ್‌ಗೂ ಹೊಂದುತ್ತದೆ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಗರದ ಹತ್ತಿರದ ಹಳ್ಳಿ ನಮ್ಮದು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆಗೆ ಅಡಿಕೆ ತೋಟ ಇದೆ. ವಯಸ್ಸು ಐವತ್ತು ದಾಟಿದೆ. ಬೆಳಿಗ್ಗೆ ಏಳುವಾಗಲೇ ತಲೆನೋವು, ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳುವುದು, ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ ಕಣ್ಣು ಎಳೆದುಕೊಂಡು ಹೋಗುವುದು. ಇದಕ್ಕೆಲ್ಲ ಥೈರಾಯ್ಡ್ ನೋಡಿದರು, ರಕ್ತ ಕಡಿಮೆ ಇದೆಯಾ ಅಂತ ನೋಡಿದರು, "ಮುಟ್ಟು ನಿಲ್ಲುವ ವಯಸ್ಸಲ್ವಾ, ಹೀಗೇ ಇರುತ್ತೆ" ಅಂತ ಸಮಾಧಾನವನ್ನೂ ಹೇಳಿದರು. ಗೊರಕೆ ಹೊಡೆಯುತ್ತೀರಾ ಅಂತ ಮಾತ್ರ ಬಹಳ ದಿನ ಯಾರೂ ಕೇಳಲಿಲ್ಲ. ಗಂಡಸರ ಗೊರಕೆಯನ್ನು ಮನೆಮಂದಿ ಎಲ್ಲರ ಮುಂದೆ ಆಡಿಕೊಳ್ಳುತ್ತಾರೆ. ಹೆಂಗಸರದ್ದನ್ನು ಯಾರೂ ಬಾಯಿಬಿಡುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಜಾಸ್ತಿಯಾಗುತ್ತದೆ ಅನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಆದರೂ ಹೊಟ್ಟೆ ಇರುವ ಗಂಡಸರನ್ನು ಕಂಡಾಗ ಬರುವ ಅನುಮಾನ ಸೀರೆ ಉಟ್ಟ ಟೀಚರಮ್ಮನನ್ನು ಕಂಡಾಗ ಬರುವುದಿಲ್ಲ. ಈ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ.

ಕೊನೆಗೆ ಶಿವಮೊಗ್ಗದಲ್ಲಿ ನಿದ್ದೆಯ ಪರೀಕ್ಷೆ ಆಯಿತು. ಎಎಚ್ಐ ಅಂತ ಒಂದು ಅಂಕಿ ಕೊಡುತ್ತಾರೆ. ನಿದ್ದೆಯಲ್ಲಿ ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ಉಸಿರು ನಿಲ್ಲುವುದು, ಅಥವಾ ತೀರಾ ಕಡಿಮೆಯಾಗುವುದು, ಗಂಟೆಗೆ ಎಷ್ಟು ಸಲ ಅನ್ನುವ ಲೆಕ್ಕ ಅದು. ಐದರ ಒಳಗಿದ್ದರೆ ಚಿಂತೆ ಇಲ್ಲ. 15ರಿಂದ 30ರವರೆಗೆ ಮಧ್ಯಮ. 30 ದಾಟಿದರೆ ಗಂಭೀರ. ನನ್ನದು 34 ಇತ್ತು. ಗಣಿತದವಳಾದ್ದರಿಂದ ಅಲ್ಲೇ ಭಾಗಿಸಿ ನೋಡಿದೆ. ಎರಡು ನಿಮಿಷಕ್ಕೆ ಒಂದು ಸಲಕ್ಕಿಂತ ಜಾಸ್ತಿ.

ಮೆಷಿನ್ ಮಾಡುವ ಕೆಲಸ ಸರಳ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಕಳಿಸುತ್ತದೆ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ನಮ್ಮೂರಲ್ಲಿ ಎಲ್ಲರೂ ಹಾಗೇ ಅಂದುಕೊಂಡು "ಆಕ್ಸಿಜನ್ ಹಾಕಿದಾರಂತೆ" ಅಂತ ನೋಡಲು ಬಂದಿದ್ದರು. ಗಾಳಿ ತುಂಬಿದ ಸೈಕಲ್ ಟ್ಯೂಬು ಹೇಗೆ ಮುದುಡುವುದಿಲ್ಲವೋ ಹಾಗೆ, ಈ ಒತ್ತಡಕ್ಕೆ ಗಂಟಲಿನ ದಾರಿ ಕುಸಿಯುವುದಿಲ್ಲ. ಅಷ್ಟೇ ವಿಷಯ. ನಾನು ಕೊಂಡದ್ದು ಆಟೋ ಮಾದರಿ. ರಾತ್ರಿಯಿಡೀ ಉಸಿರನ್ನು ಗಮನಿಸಿ, ಬೇಕಾದಷ್ಟು ಒತ್ತಡ ಏರಿಸಿ ಇಳಿಸಿ ಮಾಡುತ್ತದೆ.

ಮನೆಗೆ ತಂದುಕೊಟ್ಟ ಹುಡುಗ ಒತ್ತಡವನ್ನು 4ರಿಂದ 20ರವರೆಗೆ ಇಟ್ಟು ಹೋಗಿದ್ದ. ಪೆಟ್ಟಿಗೆಯಿಂದ ತೆಗೆದಾಗ ಮೆಷಿನ್‌ಗಳು ಹೆಚ್ಚಾಗಿ ಹಾಗೇ ಇರುತ್ತವೆ. ಜಾಸ್ತಿ ಒತ್ತಡಕ್ಕೆ ಉಸಿರು ಕಟ್ಟುತ್ತದೇನೋ ಅಂತ ಹೆದರಿದ್ದೆ. ಆದದ್ದು ಉಲ್ಟಾ. 4ರಲ್ಲಿ ಗಾಳಿಯೇ ಸಾಲದು. ಎಷ್ಟು ಎಳೆದುಕೊಂಡರೂ ಎದೆ ತುಂಬುವುದಿಲ್ಲ, ಮಾಸ್ಕ್ ಕಿತ್ತು ಎಸೆಯಬೇಕು ಅನ್ನಿಸುತ್ತದೆ. ಡಾಕ್ಟರಿಗೆ ಹೇಳಿದ ಮೇಲೆ ಕೆಳಗಿನ ಮಿತಿಯನ್ನು 7ಕ್ಕೆ ಏರಿಸಿದರು, ಮೇಲಿನದನ್ನು 14ಕ್ಕೆ ಇಳಿಸಿದರು. ಉಸಿರು ಬಿಡುವಾಗ ಒತ್ತಡ ತುಸು ತಗ್ಗಿಸುವ ಸೆಟ್ಟಿಂಗ್ ಇದೆ, ಅದನ್ನೂ ಹಾಕಿಕೊಟ್ಟರು. ಅವತ್ತಿನಿಂದ ಆ ಕಷ್ಟ ಹೋಯಿತು. ಈಗ ಬೆಳಿಗ್ಗೆ ಪರದೆಯ ಮೇಲೆ ಕಾಣುವ ಎಎಚ್ಐ ಎರಡು ಮೂರರ ಆಸುಪಾಸು ಇರುತ್ತದೆ. ತಲೆನೋವು ಇಲ್ಲ. ಮೆಷಿನ್ ಬಗ್ಗೆ ಹೇಳಬೇಕಾದ ಒಳ್ಳೆಯದು ಇಷ್ಟೇ, ಆದರೆ ಇದು ಸಣ್ಣದಲ್ಲ.

ಇನ್ನು ಮಾಸ್ಕ್. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಮೂಗು ಬಾಯಿ ಎರಡನ್ನೂ ಮುಚ್ಚುವುದು, ಮೂಗನ್ನು ಮಾತ್ರ ಮುಚ್ಚುವುದು, ಮತ್ತೆ ಮೂಗಿನ ಹೊಳ್ಳೆಗೇ ಕೂರುವುದು. ನನಗೆ ಡೀಲರ್ ಕೊಟ್ಟದ್ದು ಮೊದಲನೆಯದು. "ಎಲ್ಲರಿಗೂ ಇದೇ ಕೊಡೋದು ಮೇಡಂ" ಅಂದರು. ಹತ್ತಿರ ಇಟ್ಟುಕೊಂಡಿದ್ದದ್ದು ಅದೊಂದೇ ಇರಬೇಕು. ಕುರ್ಚಿಯ ಮೇಲೆ ಕೂರಿಸಿ, ಪಟ್ಟಿ ಬಿಗಿದು, "ಸರಿ ಇದೆ" ಅಂತ ಹೋದರು. ನಾವು ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತೇವಾ? ಮಲಗಿದ ಕೂಡಲೇ ಕೆನ್ನೆ ಜಾರುತ್ತದೆ, ದವಡೆ ಹಿಂದಕ್ಕೆ ಹೋಗುತ್ತದೆ, ಮಾಸ್ಕ್‌ಗೂ ಮುಖಕ್ಕೂ ನಡುವೆ ಸಂದು ಬೀಳುತ್ತದೆ. ಮೂಗಿನ ದಿಣ್ಣೆಯ ಪಕ್ಕದಿಂದ ಗಾಳಿ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಪು, ಉರಿ. ಕೇಳಿದರೆ ಫೋನಿನಲ್ಲಿ ಬಂದ ಉತ್ತರ, "ಪಟ್ಟಿ ಇನ್ನೂ ಟೈಟ್ ಮಾಡಿ."

ಈ ಸಲಹೆ ತಪ್ಪು. ಮಾಸ್ಕಿನ ಅಂಚು ಎರಡು ಪದರದ ತೆಳು ಸಿಲಿಕಾನ್. ಒಳಗಿನ ಗಾಳಿಗೆ ಆ ಪದರ ಉಬ್ಬಿ, ಮುಖದ ಏರುತಗ್ಗಿಗೆ ತಾನೇ ಹೊಂದಿಕೊಳ್ಳಬೇಕು. ಬಿಗಿದಷ್ಟೂ ಅದು ಮಡಚಿಕೊಂಡು ಸುಕ್ಕಾಗುತ್ತದೆ, ಸುಕ್ಕಿನಿಂದ ಗಾಳಿ ಸೋರುತ್ತದೆ. ಮಾಡಬೇಕಾದ್ದು ಹೀಗೆ. ಮೊದಲು ಮಲಗಿ, ನೀವು ದಿನಾ ಮಲಗುವ ಮಗ್ಗುಲಲ್ಲೇ. ಪಟ್ಟಿ ಸಡಿಲವಾಗಿ ಹಾಕಿ. ಮೆಷಿನ್ ಆನ್ ಮಾಡಿ. ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಎರಡು ಬೆರಳಿನಲ್ಲಿ ಹಿಡಿದು ಮುಖದಿಂದ ಒಂದಿಷ್ಟು ಮುಂದಕ್ಕೆ ಎಳೆದು, ಮೆಲ್ಲಗೆ ಬಿಡಿ. ಅಂಚು ಉಬ್ಬಿಕೊಂಡು ತಾನೇ ಕೂರುತ್ತದೆ. ಆಮೇಲೆ ಸೋರುವ ಕಡೆಯ ಪಟ್ಟಿಯನ್ನು ಮಾತ್ರ ಒಂದೊಂದೇ ಎಳೆ ಬಿಗಿ ಮಾಡಿ. ಪಟ್ಟಿಯ ಕೆಳಗೆ ಒಂದು ಬೆರಳು ಆಡುವಷ್ಟು ಜಾಗ ಇರಲೇಬೇಕು. ಬೆಳಿಗ್ಗೆ ಕೆನ್ನೆಯ ಮೇಲೆ ಆಳವಾದ ಗೆರೆ ಉಳಿದಿದ್ದರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ.

ಇಷ್ಟು ಮಾಡಿದರೂ ಆ ಮಾಸ್ಕ್ ನನ್ನ ಮುಖಕ್ಕೆ ಕೂರಲಿಲ್ಲ. ಮೂಗು ಮುಚ್ಚುವ ಎರಡನೇ ಬಗೆ ತರಿಸಿದೆವು. ಅದಕ್ಕೆ ಅಡ್ಡ ಬಂದದ್ದು ಮೂಗುಬೊಟ್ಟು. ಮಾಸ್ಕಿನ ಅಂಚು ಸರಿಯಾಗಿ ಹರಳಿನ ಮೇಲೆಯೇ ಬರುತ್ತದೆ. ಹರಳಿನ ಸುತ್ತ ಗಾಳಿ ಸೋರುತ್ತದೆ, ಸೀಟಿ ಹೊಡೆದಂಥ ಸಣ್ಣ ಶಬ್ದ, ಮತ್ತೆ ಬೆಳಗಾಗುವಾಗ ಮೂಗಿನ ಮೇಲೆ ಗಾಯ. ರಾತ್ರಿ ಬಿಚ್ಚಿಟ್ಟರಾಯಿತು ಅಂತ ಮಗಳು ಹೇಳಿದಳು. ಅತ್ತೆ ಏನೂ ಹೇಳಲಿಲ್ಲ, ಆದರೆ ಅವರ ಮುಖ ಸಣ್ಣದಾಯಿತು. ಆ ಮೂಗುಬೊಟ್ಟು ಅವರೇ ಕೊಟ್ಟದ್ದು. ಅದನ್ನು ದಿನಾ ರಾತ್ರಿ ತಿರುಪು ಬಿಚ್ಚಿ, ಬೆಳಿಗ್ಗೆ ಮತ್ತೆ ಹಾಕಿಕೊಳ್ಳಲು ನನಗೂ ಮನಸ್ಸಿರಲಿಲ್ಲ. ಈ ಮಾಸ್ಕ್‌ಗಳ ಕೈಪಿಡಿಯಲ್ಲಿ ಗಡ್ಡ ಮೀಸೆಯ ಬಗ್ಗೆ ಬರೆದಿರುತ್ತಾರೆ. ಮೂಗುಬೊಟ್ಟು, ನತ್ತು, ಎಣ್ಣೆ ಹಾಕಿದ ಜಡೆ, ಇವುಗಳ ಬಗ್ಗೆ ನಾನು ನೋಡಿದ ಯಾವ ಕೈಪಿಡಿಯಲ್ಲೂ ಒಂದು ಸಾಲಿಲ್ಲ. ನಮ್ಮ ದೇಶದಲ್ಲಿ ಮಾರುವಾಗಲಾದರೂ ಬರೆಯಬಾರದಾ?

ನನಗೆ ಹೊಂದಿದ್ದು ಮೂಗಿನ ಕೆಳಗೆ ಕೂರುವ ಮಾದರಿ. ಅದು ಮೂಗನ್ನು ಮುಚ್ಚುವುದಿಲ್ಲ, ಹೊಳ್ಳೆಯ ಒಳಗೂ ಹೋಗುವುದಿಲ್ಲ. ಕೆಳಗಿನಿಂದ ಎರಡೂ ಹೊಳ್ಳೆಗೆ ಆನಿಕೊಂಡು ಕೂರುತ್ತದೆ. ಮೂಗಿನ ಬದಿಗೆ ತಾಗದ್ದರಿಂದ ಹರಳು ಅದರ ಪಾಡಿಗೆ ಇರುತ್ತದೆ. ಗಾಳಿಯ ಪೈಪು ನೆತ್ತಿಯ ಮೇಲಿನಿಂದ ಬರುವ ಬಗೆ ಇದು. ಎರಡು ಕೆನ್ನೆಯ ಪಕ್ಕ ಎರಡು ಕೊಳವೆ ಇಳಿಯುತ್ತವೆ. ಮಗ್ಗುಲಾದಾಗ ಒಂದು ಕಡೆಯದು ದಿಂಬಿಗೆ ಒತ್ತಿಹೋದರೂ ಇನ್ನೊಂದರಿಂದ ಗಾಳಿ ಬರುತ್ತದೆ. ತಲೆಗೆ ಎಣ್ಣೆ ಹಾಕಿದ ದಿನ ಪಟ್ಟಿ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಎಣ್ಣೆ ಸ್ನಾನವನ್ನು ಬೆಳಿಗ್ಗೆಗೇ ಇಟ್ಟುಕೊಂಡಿದ್ದೇನೆ. ತುರುಬನ್ನು ಕೆಳಗೆ ಸಡಿಲವಾಗಿ ಕಟ್ಟಿ, ಪಟ್ಟಿಯನ್ನು ಅದರ ಮೇಲ್ಭಾಗಕ್ಕೆ ಸಿಕ್ಕಿಸಿದರೆ ರಾತ್ರಿಯಿಡೀ ಅಲ್ಲಾಡುವುದಿಲ್ಲ. ಬಾಯಿ ತೆರೆದು ಮಲಗುವವರಿಗೆ ಮಾತ್ರ ಇದು ಆಗದು. ಗಾಳಿ ಬಾಯಿಂದ ಹೊರಟುಹೋಗಿ ಗಂಟಲು ಒಣಗುತ್ತದೆ. ಮೂಗು ಕಟ್ಟುವುದರಿಂದ ಬಾಯಿ ತೆರೆಯುತ್ತಿದ್ದರೆ ಮೊದಲು ಮೂಗಿಗೆ ಔಷಧ ಮಾಡಿಸಿಕೊಳ್ಳಬೇಕು.

ಇನ್ನೊಂದು ಮುಖ್ಯ ವಿಷಯ ಆಯಸ್ಕಾಂತ. ಕೆಲವು ಮಾಸ್ಕ್‌ಗಳ ಪಟ್ಟಿಗೆ ಹುಕ್ಕಿನ ಬದಲು ಆಯಸ್ಕಾಂತದ ಕ್ಲಿಪ್ ಇರುತ್ತದೆ. ಹಾಕಿ ತೆಗೆಯಲು ಬಹಳ ಸುಲಭ. ಆದರೆ ಅತ್ತೆಗೆ ಪೇಸ್‌ಮೇಕರ್ ಇದೆ. ಇಂಥ ಮಾಸ್ಕ್‌ಗಳ ಬಗ್ಗೆ ದೊಡ್ಡ ಕಂಪನಿಗಳೇ 2022 ಮತ್ತು 2023ರಲ್ಲಿ ಎಚ್ಚರಿಕೆ ಕೊಟ್ಟಿವೆ. ಹಾಕಿಕೊಳ್ಳುವವರಿಗೆ ಮಾತ್ರ ಅಲ್ಲ, ಹತ್ತಿರ ಮಲಗುವವರಿಗೂ ಪೇಸ್‌ಮೇಕರ್‌ನಂಥ ಸಾಧನ ಇದ್ದರೆ ಅದು ಬೇಡ ಅಂತ. ಅಂಗಡಿಯಲ್ಲಿ ಇದನ್ನು ಅವರಾಗಿ ಹೇಳಲಿಲ್ಲ. ನೀವೇ ಕೇಳಬೇಕು.

ಮಾಸ್ಕಿನ ಕಷ್ಟ ಇವತ್ತಿನದಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲ್ಲಿವನ್ ಅನ್ನುವ ವೈದ್ಯರು ಈ ಚಿಕಿತ್ಸೆಯನ್ನು ಮೊದಲು ಜಗತ್ತಿಗೆ ತಿಳಿಸಿದರು. ಆಗಿನ ರೋಗಿಗಳಿಗೆ ಅವರವರ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಿ, ದಿನಾ ರಾತ್ರಿ ಅಂಟು ಹಚ್ಚಿ ಮುಖಕ್ಕೆ ಅಂಟಿಸುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನಗೆ ಆ ರೋಗಿಗಳ ಮೇಲೆ ತುಂಬಾ ಗೌರವ ಬಂತು.

ಮಲೆನಾಡಿನ ಮನೆಯಲ್ಲಿ ಈ ಮೆಷಿನ್ ಇಟ್ಟುಕೊಳ್ಳುವುದಕ್ಕೆ ಅದರದ್ದೇ ಆದ ಫಜೀತಿಗಳಿವೆ. ಮೆಷಿನ್ನಿಗೆ ನೀರಿನ ಡಬ್ಬಿ ಇರುತ್ತದೆ. ನೀರು ಬೆಚ್ಚಗಾಗಿ ಗಾಳಿಗೆ ತೇವ ಕೊಡುತ್ತದೆ, ಮೂಗು ಒಣಗುವುದಿಲ್ಲ. ಧನುರ್ಮಾಸದ ಚಳಿಯಲ್ಲಿ ಈ ಬೆಚ್ಚಗಿನ ಗಾಳಿ ತಣ್ಣಗಿನ ಪೈಪಿನಲ್ಲಿ ಬರುವಾಗ ನೀರಾಗಿ ಇಳಿಯುತ್ತದೆ. ಮಧ್ಯರಾತ್ರಿ ಪೈಪಿನಲ್ಲಿ ಗುಳುಗುಳು, ಆಮೇಲೆ ಮೂಗಿನ ಮೇಲೆ ತಣ್ಣೀರು. ಬೆಚ್ಚಿಬಿದ್ದು ಏಳುತ್ತೀರಿ. ಇದಕ್ಕೆ ಬಿಸಿಯಾಗುವ ಪೈಪು ಬೇರೆ ಸಿಗುತ್ತದೆ, ಒಳ್ಳೆಯದೇ, ಆದರೆ ದುಬಾರಿ. ನಾನು ಹಳೆಯ ಸ್ವೆಟರಿನ ತೋಳು ಕತ್ತರಿಸಿ ಜೋಡಿಸಿ ಪೈಪಿಗೆ ಉದ್ದಕ್ಕೂ ಅಂಗಿ ಹೊಲಿದೆ. ಮೆಷಿನನ್ನು ಮಂಚದ ಮಟ್ಟಕ್ಕಿಂತ ಕೆಳಗೆ ಮಣೆಯ ಮೇಲೆ ಇಟ್ಟೆ. ಇಳಿದ ನೀರು ಮೂಗಿಗೆ ಬರದೆ ಡಬ್ಬಿಗೇ ವಾಪಸ್ ಹೋಗುತ್ತದೆ. ತೇವದ ಸೆಟ್ಟಿಂಗನ್ನು ಒಂದೆರಡು ಹಂತ ಇಳಿಸಿದೆ. ಇಷ್ಟಕ್ಕೇ ಸರಿಹೋಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಯೇ ಒದ್ದೆ, ಆಗ ಡಬ್ಬಿಗೆ ನೀರು ಹಾಕುವುದೇ ಇಲ್ಲ.

ನೀರು ಡಿಸ್ಟಿಲ್ಡ್ ಆಗಿರಬೇಕು. ಬಾವಿ ನೀರು, ಬೋರ್ ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕುದಿಸಿ ಆರಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪಿನಂಶ ಹೋಗುವುದಿಲ್ಲ. ಬ್ಯಾಟರಿ ಅಂಗಡಿಯ ನೀರು ಅಗ್ಗ ಅಂತ ಅದನ್ನೇ ಹಾಕುವವರಿದ್ದಾರೆ. ಉಸಿರಿಗೆ ಹೋಗುವ ನೀರಿಗೆ ಅದರ ಮೇಲೆ ಭರವಸೆ ಇಡಲು ನನಗೆ ಮನಸ್ಸಿಲ್ಲ. ಮೆಡಿಕಲ್ ಶಾಪಿನಲ್ಲಿ ಹೇಳಿ ಕ್ಯಾನ್ ತರಿಸಿಕೊಳ್ಳುತ್ತೇನೆ. ಪೊರೆ ಕಟ್ಟಿದ್ದರೆ ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಸೇರಿಸಿ ನೆನೆಸಿಟ್ಟು ತೊಳೆದರೆ ಹೋಗುತ್ತದೆ. ಮಾಸ್ಕಿಗೆ ಸೌಮ್ಯವಾದ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಡೆಟಾಲ್, ಬ್ಲೀಚ್ ಬೇಡ. ಬಿಸಿಲಿಗೂ ಹಾಕಬೇಡಿ, ಸಿಲಿಕಾನ್ ಗಟ್ಟಿಯಾಗುತ್ತದೆ. ನೆರಳಿನಲ್ಲಿ ನೇತುಹಾಕಿ. ಆದರೆ ಬೆಕ್ಕಿಗೆ ಎಟುಕದ ಹಾಗೆ. ಜಗಲಿಯ ಗಳುವಿಗೆ ನೇತುಹಾಕಿದ ಪೈಪನ್ನು ನಮ್ಮ ಬೆಕ್ಕು ಹಾವೋ ಏನೋ ಅಂದುಕೊಂಡು ಕಚ್ಚಿ ತೂತು ಮಾಡಿಟ್ಟಿತ್ತು. ಆ ರಾತ್ರಿ ಟೇಪು ಸುತ್ತಿ ಕಳೆದೆವು, ಹೊಸದನ್ನು ಶಿವಮೊಗ್ಗದಿಂದ ತರಿಸಬೇಕಾಯಿತು. ಒಂದು ಪೈಪು ಹೆಚ್ಚಿಗೆ ಮನೆಯಲ್ಲಿ ಇರಲಿ.

ಕರೆಂಟಿನ ವಿಷಯ ಹೇಳದಿದ್ದರೆ ನಮ್ಮ ಕಡೆಯವರಿಗೆ ಈ ಬರಹದಿಂದ ಉಪಯೋಗವಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಇಡೀ ರಾತ್ರಿ ಕತ್ತಲೆ. ಮೆಷಿನ್ ನಿಂತರೆ ಉಸಿರು ಕಟ್ಟಿ ಸಾಯುತ್ತೇವಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಮೂಗಿನ ಮಾಸ್ಕ್ ಇದ್ದರೆ ಬಾಯಿ ಖಾಲಿ ಇರುತ್ತದೆ. ಪೂರ್ತಿ ಮುಖದ್ದರಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ಕವಾಟ ಇರುತ್ತದೆ. ಎಚ್ಚರವಾಗುತ್ತದೆ, ಮಾಸ್ಕ್ ತೆಗೆಯುತ್ತೀರಿ, ಅಷ್ಟೇ. ಆದರೆ ಆ ರಾತ್ರಿಯ ನಿದ್ದೆ ಹೋಯಿತು. ಹಾಗಾಗಿ ಇನ್ವರ್ಟರ್ ಬೇಕು, ಅದೂ ಪ್ಯೂರ್ ಸೈನ್ ವೇವ್ ಅಂತ ಬರೆದಿರುವಂಥದ್ದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಸಿಕ್ಕಿಸಬೇಡಿ. ಮತ್ತೆ ಒಂದು ಗುಟ್ಟು. ಕರೆಂಟನ್ನು ಜಾಸ್ತಿ ತಿನ್ನುವುದು ಗಾಳಿ ಊದುವ ಮೋಟಾರ್ ಅಲ್ಲ, ನೀರನ್ನೂ ಪೈಪನ್ನೂ ಬಿಸಿ ಮಾಡುವ ಭಾಗ. ಕರೆಂಟ್ ಹೋದಾಗ ಆ ಎರಡನ್ನೂ ಆಫ್ ಮಾಡಿದರೆ ಮನೆಯ ಸಾಮಾನ್ಯ ಇನ್ವರ್ಟರ್ ಬ್ಯಾಟರಿಯಲ್ಲಿ ಬೆಳಗಿನವರೆಗೂ ಆರಾಮವಾಗಿ ನಡೆಯುತ್ತದೆ. ಫ್ಯಾನು, ಫ್ರಿಜ್ಜು ಅದೇ ಬ್ಯಾಟರಿಗೆ ಜೋತುಬಿದ್ದಿರಬಾರದು, ಅಷ್ಟೇ.

ಅಡಿಕೆ ಸುಲಿತದ ಕಾಲದಲ್ಲಿ ಅಂಗಳದ ಒಲೆ ಹೊತ್ತು ಮೀರಿ ಉರಿಯುತ್ತದೆ. ಆ ದಿನಗಳಲ್ಲಿ ಮೆಷಿನ್ನಿನ ಬಿಳಿ ಫಿಲ್ಟರ್ ತೆಗೆದು ನೋಡಿದೆ. ಬೂದಿ ಬಣ್ಣ, ನಡುವೆ ಕಪ್ಪು. ನಾನು ಅಷ್ಟು ವರ್ಷ ಉಸಿರಾಡಿದ್ದು ಇದೇ ಗಾಳಿ ಅಂತ ಆಗ ಕಣ್ಣಾರೆ ಕಂಡಿತು. ಆರು ತಿಂಗಳಿಗೆ ಒಮ್ಮೆ ಬದಲಿಸಿ ಅಂತ ಕೈಪಿಡಿ ಹೇಳುತ್ತದೆ. ಹೊಗೆ, ಧೂಳು ಇರುವ ಮನೆಗೆ ಆ ಲೆಕ್ಕ ನಡೆಯುವುದಿಲ್ಲ. ಬಣ್ಣ ಬದಲಾಯಿತಾ, ಫಿಲ್ಟರ್ ಬದಲಿಸಿ. ಅದರ ಬೆಲೆ ಏನೂ ಅಲ್ಲ.

ಬೆಂಗಳೂರಿಗೆ ಮಗಳ ಮನೆಗೆ ಹೋಗುವಾಗ ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹಿಡಿಯುತ್ತೇವೆ. ರೈಲಿನ ಚಾರ್ಜಿಂಗ್ ಪಾಯಿಂಟ್ ಇರುವುದು ಮೊಬೈಲ್, ಲ್ಯಾಪ್‌ಟಾಪ್‌ಗೆ. ಅದನ್ನು ನಂಬಿ ಮಲಗಲು ಆಗುವುದಿಲ್ಲ. ಆ ಒಂದು ರಾತ್ರಿ ತಲೆ ಎತ್ತರಿಸಿ, ಮಗ್ಗುಲಾಗಿ ಮಲಗುತ್ತೇನೆ. ಮೆಷಿನ್ ಚೀಲದಲ್ಲೇ ಇರುತ್ತದೆ. ಹೊರಡುವ ಮೊದಲು ನೀರಿನ ಡಬ್ಬಿ ತೆಗೆದು, ಚೆಲ್ಲಿ, ಒರೆಸಿ ಇಡಬೇಕು. ನೀರಿದ್ದ ಹಾಗೇ ಚೀಲಕ್ಕೆ ಹಾಕಿ ವಾಲಿಸಿದರೆ ನೀರು ಮೋಟಾರಿಗೆ ಹೋಗುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರ ಮೆಷಿನ್ ಹೀಗೇ ಕೆಟ್ಟು ರಿಪೇರಿಗೆ ದೊಡ್ಡ ಮೊತ್ತ ಹೋಯಿತು.

ಖರ್ಚು ಎಷ್ಟು ಅಂದರೆ, ನನ್ನ ಮೆಷಿನ್ನಿಗೆ 58,000 ರೂಪಾಯಿ. ಈಗಿನ ಮಾಸ್ಕಿಗೆ 8,500. ಮಾಸ್ಕಿನ ಸಿಲಿಕಾನ್ ಭಾಗ ದಿನ ಕಳೆದಂತೆ ಮೆತ್ತಗಾಗುತ್ತದೆ, ಅದನ್ನು ಮಾತ್ರ ಬಿಡಿಯಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ಡೀಲರ್ ಹತ್ತಿರ ಎರಡು ಮಾತು ಖಚಿತ ಮಾಡಿಕೊಳ್ಳಿ. ಮಲಗಿಸಿ, ಗಾಳಿ ಹಾಕಿ ಮಾಸ್ಕ್ ನೋಡಲು ಬಿಡುತ್ತಾರಾ. ಹೊಂದದಿದ್ದರೆ ಬದಲಿಸಿ ಕೊಡುತ್ತಾರಾ. ಎರಡನೆಯದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಇಷ್ಟಕ್ಕೆ ಒಪ್ಪದ ಅಂಗಡಿಯಲ್ಲಿ ಐದು ಸಾವಿರ ಕಡಿಮೆ ಅಂದರೂ ತೆಗೆದುಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಮೆಷಿನ್ ಬಗ್ಗೆ ಕೇಳುವವರು ಬಹಳ. ಎಚ್ಚರ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಮೆಷಿನ್‌ಗಳನ್ನು ವಾಪಸ್ ಕರೆಸಿಕೊಳ್ಳುವುದಾಗಿ ಹೇಳಿತ್ತು. ಶಬ್ದ ತಗ್ಗಿಸಲು ಒಳಗೆ ಇಟ್ಟಿದ್ದ ಫೋಮ್ ಪುಡಿಯಾಗಿ ಉಸಿರಿನ ದಾರಿಗೆ ಬರಬಹುದು ಅನ್ನುವುದು ಕಾರಣ. ಆ ಕಾಲದ ಹಳೆಯ ಮೆಷಿನ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಮಾದರಿಯ ಹೆಸರು, ಸೀರಿಯಲ್ ನಂಬರ್ ನೋಡದೆ ದುಡ್ಡು ಕೊಡಬೇಡಿ. ಓಝೋನ್ ಬಿಟ್ಟು ಮೆಷಿನ್ ಶುದ್ಧ ಮಾಡುವ ಪೆಟ್ಟಿಗೆಗಳನ್ನೂ ಕೊಳ್ಳಬೇಡಿ. ಸೋಪು ನೀರು ಮಾಡದ ಯಾವ ಕೆಲಸವನ್ನೂ ಅವು ಮಾಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನನ್ನ ಮುಖ ನೋಡಿಯೇ ಬದಲಾವಣೆ ಗೊತ್ತಾಗಿ, ಮನೆಗೆ ಬಂದಿದ್ದ ಭಾವ "ನಿಂದು ಒಂದು ವಾರ ಕೊಡು, ಹಾಕಿ ನೋಡ್ತೇನೆ" ಅಂದರು. ಕೊಡಲಿಲ್ಲ. ಅದರಲ್ಲಿ ಇರುವುದು ನನಗೆ ಅಂತ ಹೊಂದಿಸಿದ ಒತ್ತಡ, ನನ್ನ ಮೂಗಿಗೆ ಹೊಂದಿದ ಮಾಸ್ಕ್. ಅವರಿಗೆ ಇರುವುದು ಈ ತೊಂದರೆಯೋ ಬೇರೆಯದೋ ಪರೀಕ್ಷೆ ಆಗದೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತಿಗೆಯ ಹತ್ತಿರ ಕೇಳಿದರೆ ಗೊರಕೆ ನಡುವೆ ನಿಂತು, ಆಮೇಲೆ ಒಮ್ಮೆಲೇ ಉಸಿರು ಎಳೆದುಕೊಳ್ಳುತ್ತಾರಂತೆ. ಬಿಪಿ ಮಾತ್ರೆಯೂ ಎರಡಾಗಿದೆ. ಬಿಡದೆ ಹೇಳಿ ಶಿವಮೊಗ್ಗದಲ್ಲಿ ಪರೀಕ್ಷೆಗೆ ದಿನ ಗೊತ್ತು ಮಾಡಿಸಿದ್ದೇನೆ. ಮೆಷಿನ್ ಬೇಕು ಅಂತ ಬಂದರೆ ಮಾಸ್ಕ್ ನೋಡುವ ದಿನ ನಾನೂ ಜೊತೆಗೆ ಹೋಗುತ್ತೇನೆ. ಭಾವನಿಗೆ ದಪ್ಪ ಮೀಸೆ ಬೇರೆ ಇದೆ, ಮಲಗಿಸಿ ನೋಡದೆ ಬಿಲ್ ಮಾಡಿಸಲು ಬಿಡುವುದಿಲ್ಲ.